ಯಾವ ಯೀಸ್ಟ್ ಹಾಕ್ಲಿ?

ಬಯೋಟೆಕ್ ಓದುವವರಿಗೆ ನೆಂಟರು ಕೇಳುವ ಪ್ರಶ್ನೆಗಳು ಎರಡೇ. "ಕಂಪ್ಯೂಟರ್ ಸೈನ್ಸ್ ಸಿಗ್ಲಿಲ್ವಾ?" ಮತ್ತು "ಅದರಲ್ಲಿ ಕೆಲಸ ಸಿಗುತ್ತಾ?" ಹಾಗಾಗಿ ಅಮೆರಿಕದ ಪೋರ್ಟ್‌ಲ್ಯಾಂಡಿನಲ್ಲಿರುವ ನನ್ನ ದೊಡ್ಡಪ್ಪನ ಮಗ ಫೆಬ್ರವರಿಯಲ್ಲಿ ಫೋನ್ ಮಾಡಿ, "ಸೇಜೋನ್ ಬಿಯರಿಗೆ ಯಾವ ಯೀಸ್ಟ್ ಹಾಕ್ಲಿ, ನೀನೇ ಹೇಳೇ" ಅಂದಾಗ ಖುಷಿಯೇ ಆಯ್ತು.

ಮೊದಲೇ ಹೇಳಿಬಿಡ್ತೀನಿ: ಅಲ್ಲಿ ಮನೆಬಳಕೆಗೆ ಬಿಯರ್ ಮಾಡಿಕೊಳ್ಳಲು 1978ರ ಫೆಡರಲ್ ಕಾನೂನಿನಲ್ಲಿ ಅವಕಾಶವಿದೆ. ನಮ್ಮಲ್ಲಿ ಅಬಕಾರಿ ಪರವಾನಗಿ ಇಲ್ಲದೆ ಮಾಡಿದರೆ ಅಪರಾಧ. ಹಾಸ್ಟೆಲ್ ಬಕೆಟ್ಟಿನಲ್ಲಿ ಪ್ರಯೋಗ ಬೇಡ!

ಸೇಜೋನ್ ಅಂದರೆ ಫ್ರೆಂಚಿನಲ್ಲಿ ಋತು. ಬೆಲ್ಜಿಯಂನ ದಕ್ಷಿಣಕ್ಕಿರುವ ವಲೋನಿಯಾದ ಹಳ್ಳಿಗಳ ಬಿಯರ್ ಇದು. ಸಿಹಿ ಇಲ್ಲದೆ ಒಣಒಣ, ಸ್ವಲ್ಪ ಮೆಣಸು, ಸ್ವಲ್ಪ ಲವಂಗದ ಘಮ. ಲವಂಗ ಯಾರೂ ಹಾಕಿರುವುದಿಲ್ಲ. ಧಾನ್ಯದಲ್ಲಿರುವ ಫೆರುಲಿಕ್ ಆಮ್ಲವನ್ನು ಯೀಸ್ಟ್ 4-ವಿನೈಲ್ ಗ್ವಾಯಕಾಲ್ ಆಗಿ ಬದಲಿಸುತ್ತದೆ, ಘಮ ಅದರದ್ದು. ಅಂದರೆ ಇಲ್ಲಿ ಯೀಸ್ಟ್ ಬದಲಾದರೆ ಬಿಯರೇ ಬದಲಾದಂತೆ.

ಅಣ್ಣನಿಗೆ ಬೇಕಿದ್ದದ್ದು ವೈಯೀಸ್ಟ್ 3724. ಟೂರ್ಪ್ ಎಂಬ ಹಳ್ಳಿಯ ಪ್ರಸಿದ್ಧ ಡುಪಾಂಟ್ ಬ್ರೂವರಿಯ ಮೂಲದ್ದು ಅಂತ ಹೋಂಬ್ರೂವರ್‌ಗಳು ನಂಬುವ ತಳಿ. ಆದರೆ ಅದಕ್ಕೆ 30 ಡಿಗ್ರಿ ದಾಟಿದ ಬಿಸಿ ಇಷ್ಟ. ಇಲ್ಲದಿದ್ದರೆ ಗ್ರ್ಯಾವಿಟಿ 1.035ರ ಆಸುಪಾಸಿನಲ್ಲಿ ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ ನಿಂತುಬಿಡೋದು ಅದರ ಕುಖ್ಯಾತ ಚಾಳಿ. ಅಣ್ಣನ ಮನೆಯಲ್ಲಿ ಹೀಟರ್ ಹಾಕಿದರೂ 20 ಡಿಗ್ರಿ.

"ಅಣ್ಣಾ, ಒಳ್ಳೆ ತಳಿ ಯಾವುದು ಅನ್ನೋದಲ್ಲ, ನಿನ್ನ ಮನೆಯಲ್ಲಿ ಬದುಕೋದು ಯಾವುದು ಅಂತ ನೋಡು" ಅಂದೆ. 18ರಿಂದ 25 ಡಿಗ್ರಿಯಲ್ಲಿ ಆರಾಮಾಗಿ ಕೆಲಸ ಮಾಡುವ 3711 ಹಾಕಲು ಹೇಳಿದೆ. ಮೂತಿ ಉಬ್ಬಿಸಿಕೊಂಡೇ ಒಪ್ಪಿದ. 20 ಲೀಟರ್, ಶುರುವಿನ ಗ್ರ್ಯಾವಿಟಿ 1.050.

ಹತ್ತನೇ ದಿನ ಹೈಡ್ರೋಮೀಟರ್ 1.010 ತೋರಿಸಿತು. ಗುಳ್ಳೆ ಏಳುವುದು ಹೆಚ್ಚುಕಮ್ಮಿ ನಿಂತಿತ್ತು. "ಬಾಟಲಿಗೆ ತುಂಬಿಸ್ತೀನಿ, ಯುಗಾದಿಗೆ ಫ್ರೆಂಡ್ಸನ್ನ ಕರೆದಿದ್ದೀನಿ" ಅಂದ. ನಾನು ಬೇಡ ಅಂದೆ.

ಕಾರಣ ಎಸ್‌ಟಿಎ-1 ಎಂಬ ಜೀನ್. ಸಾಮಾನ್ಯ ಬಿಯರ್ ಯೀಸ್ಟ್ ಡೆಕ್ಸ್ಟ್ರಿನ್ ಎಂಬ ದೊಡ್ಡ ಸಕ್ಕರೆ ಸರಪಳಿಗಳನ್ನು ಮುಟ್ಟುವುದಿಲ್ಲ. ಈ ಜೀನ್ ಇರುವ ಡಯಾಸ್ಟಾಟಿಕಸ್ ತಳಿಗಳು ಗ್ಲೂಕೋಅಮೈಲೇಸ್ ಕಿಣ್ವವನ್ನು ಹೊರಗೆ ಬಿಟ್ಟು, ಅವುಗಳನ್ನೂ ತುಂಡು ಮಾಡಿ ನಿಧಾನವಾಗಿ ತಿನ್ನುತ್ತವೆ. 3711 ಅಂಥದ್ದೇ. ಬಾಟಲಿಯೊಳಗೂ ತಿನ್ನುತ್ತೆ.

ಲೆಕ್ಕ ಹಾಕಿ ಕಳಿಸಿದೆ. 1.010ರಿಂದ 1.004ಕ್ಕೆ ಇಳಿದರೆ ಲೀಟರಿಗೆ ಹೆಚ್ಚುಕಮ್ಮಿ 6 ಗ್ರಾಂ ಕಾರ್ಬನ್ ಡೈಆಕ್ಸೈಡ್. ಮಾಮೂಲಿ ಬಿಯರಿನಲ್ಲಿ ಇರುವುದೇ ಸುಮಾರು 5 ಗ್ರಾಂ. ಬಾಟಲಿಗೆ ಹಾಕುವ ಸಕ್ಕರೆಯಿಂದ ಬರುವ ಗ್ಯಾಸಿನ ಮೇಲೆ ಇದೂ ಸೇರಿದರೆ ಗಾಜು ತಡೆಯುತ್ತಾ? ಬಾಟಲಿ ಇಡುವುದು ಹಾಲ್‌ನ ಕಪಾಟಿನಲ್ಲಿ. ಪಕ್ಕದಲ್ಲೇ ಅವನ ನಾಲ್ಕು ವರ್ಷದ ಮಗಳ ಆಟದ ಸಾಮಾನು. ಆ ಕೊನೆಯ ವಾಕ್ಯವನ್ನೂ ಮೆಸೇಜಿನಲ್ಲಿ ಬರೆದೆ.

ಎರಡು ದಿನ ಉತ್ತರ ಬರಲಿಲ್ಲ. ಮನೆಯ ಚಿಕ್ಕ ಹುಡುಗಿ ಬುದ್ಧಿ ಹೇಳಿದರೆ ಹಿರಿಯರಿಗೆ ಹೇಗಿರುತ್ತೆ ಅಂತ ನಿಮಗೂ ಗೊತ್ತಲ್ವಾ? ಆಮೇಲೆ ಒಂದು ಫೋಟೊ ಬಂತು. ಬಾಟಲಿಗಳೆಲ್ಲ ಖಾಲಿ, ರಟ್ಟಿನ ಡಬ್ಬದಲ್ಲಿ. ಕೆಳಗೆ ಅತ್ತಿಗೆಯ ಸಾಲು: "ಥ್ಯಾಂಕ್ಸ್ ಕಣೇ."

17ನೇ ದಿನ 1.006. 24ನೇ ದಿನ 1.004. 31ನೇ ದಿನವೂ 1.004. ಆಗ "ಈಗ ತುಂಬು" ಅಂದೆ, ದಪ್ಪ ಗಾಜಿನ ಬಾಟಲಿಗಳಿಗೆ. ಪೈಪು, ನಲ್ಲಿಗಳನ್ನು ಬೇರೆ ಬಿಯರಿಗೆ ಬಳಸಬೇಡ ಅಂತಲೂ ಹೇಳಿದೆ, ಈ ಯೀಸ್ಟ್ ಅಲ್ಲೂ ಸೇರಿಕೊಳ್ಳುತ್ತೆ. ಯುಗಾದಿಗೆ ಬಂದ ಫ್ರೆಂಡ್ಸಿಗೆ ಸಿಕ್ಕಿದ್ದು ಒಬ್ಬಟ್ಟು ಮಾತ್ರ.

ಶೇಕಡಾ 92 ಅಟೆನ್ಯುಯೇಶನ್, ಸುಮಾರು 6 ಶೇಕಡಾ ಆಲ್ಕೋಹಾಲ್. ರುಚಿ ಹೇಗಿದೆ ಅಂತ ಅಣ್ಣ ಉದ್ದುದ್ದ ವಾಯ್ಸ್ ಮೆಸೇಜ್ ಕಳಿಸ್ತಾನೆ. ನಾನಂತೂ ಒಂದು ಹನಿ ನೋಡಿಲ್ಲ. ಮೂರು ವರ್ಷ ಪರೀಕ್ಷೆಗೆ ಅಂತ ಬರೆದ ಕಿಣ್ವಗಳ ಪಾಠ ಒಬ್ಬರ ಮನೆಯ ಕಪಾಟಿನವರೆಗೆ ಹೋಯಿತಲ್ಲ, ನನಗೆ ಅದೇ ಸಾಕು.

ಆಗಸ್ಟಿನಲ್ಲಿ ಅವನ ಗ್ಯಾರೇಜು ಬಿಸಿಯಾಗುತ್ತಂತೆ. 3724ಕ್ಕೆ ಆಗ ನಾನೇ ಹೂಂ ಅಂತೀನಿ.