ದೊಡ್ಡಪ್ಪನ ಲೋಟ

ನಾನು ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ. ಒತ್ತಕ್ಷರ ತಪ್ಪಿದ್ದರೆ ಕ್ಲಬ್ಬಿನ ಸೀನಿಯರ್ಸ್ ತಿದ್ದಿರುತ್ತಾರೆ ಅಂತ ನಂಬಿ ಬರೀತಿದ್ದೀನಿ. ಈ ಸೆಮಿಸ್ಟರ್ ನನ್ನ ಸೆಮಿನಾರ್ ವಿಷಯ, ಗಂಟಲು ಕ್ಯಾನ್ಸರಿನಲ್ಲಿ ವೈರಸ್ಸಿನ ಜೀನ್ ಎಷ್ಟು ಕೆಲಸ ಮಾಡ್ತಿದೆ ಅಂತ ಅಳೆಯೋದು. ಬಯೋಟೆಕ್‌ನಲ್ಲಿ ಅಷ್ಟೊಂದು ಟಾಪಿಕ್ ಇರುವಾಗ ಇದೇ ಯಾಕೆ ಅಂತ ಮೇಡಂ ಕೇಳಿದರು. "ಇಂಟರೆಸ್ಟಿಂಗ್ ಅನ್ನಿಸ್ತು ಮೇಡಂ" ಅಂದೆ. ಅದು ಪೂರ್ತಿ ನಿಜ ಅಲ್ಲ.

ನಮ್ಮದು ಹೊಳಲ್ಕೆರೆ ಹತ್ತಿರ ಅಡಿಕೆ ತೋಟದ ಮನೆ. ಹೋದ ವರ್ಷ ದೊಡ್ಡಪ್ಪನ ಕತ್ತಿನಲ್ಲಿ ಒಂದು ಗಂಟು ಕಾಣಿಸಿತು, ನೋವೇ ಇರಲಿಲ್ಲ. ಚಿಕ್ಕಜಾಜೂರಲ್ಲಿ ರೈಲು ಹತ್ತಿ ಬೆಂಗಳೂರಿಗೆ ಓಡಾಡಿದ ಮೇಲೆ ಟಾನ್ಸಿಲ್ ಕ್ಯಾನ್ಸರ್ ಅಂತ ಗೊತ್ತಾಯ್ತು. ಊರವರ ತೀರ್ಪು ರಿಪೋರ್ಟಿಗಿಂತ ಮೊದಲೇ ಬಂದಿತ್ತು: "ಕದ್ದು ಗುಟ್ಕಾ ಹಾಕ್ತಿದ್ದ ಕಣ್ರೀ." ದೊಡ್ಡಪ್ಪ ಬೀಡಿ, ಗುಟ್ಕಾ ಮುಟ್ಟಿದವರಲ್ಲ, ಮನೆ ಅಡಿಕೇನೂ ಬಾಯಿಗೆ ಹಾಕಿದವರಲ್ಲ. ಆದರೂ ಊರವರ ಮಾತಿಗೆ ಕಾರಣ ಇಲ್ಲದೇನಿಲ್ಲ. ನಮ್ಮ ದೇಶದಲ್ಲಿ ಬಾಯಿ, ಗಂಟಲಿನ ಕ್ಯಾನ್ಸರಿಗೆ ದೊಡ್ಡ ಕಾರಣ ತಂಬಾಕು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಅಡಿಕೆಯನ್ನೂ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಅಡಿಕೆ ದುಡ್ಡಲ್ಲೇ ಓದ್ತಿರೋ ನನಗೆ ಇದನ್ನು ಬರೆಯೋಕೆ ಸ್ವಲ್ಪ ಕಷ್ಟ.

ದೊಡ್ಡಪ್ಪನ ರಿಪೋರ್ಟಲ್ಲಿ "ಪಿ16 ಪಾಸಿಟಿವ್" ಅಂತ ಇತ್ತು. ಎಚ್‌ಪಿವಿ ಅನ್ನೋ ವೈರಸ್ಸಿನಿಂದ ಬಂದಿರಬೇಕು, ಇಂಥದ್ದು ಚಿಕಿತ್ಸೆಗೆ ಚೆನ್ನಾಗಿ ಬಗ್ಗುತ್ತೆ ಅಂದರು ಡಾಕ್ಟರು. ದೊಡ್ಡಮ್ಮನಿಗೆ ಕೇಳಿಸಿದ್ದು "ವೈರಸ್" ಅನ್ನೋದೊಂದೇ. ಮನೆಗೆ ಬಂದವರೇ ದೊಡ್ಡಪ್ಪನ ಸ್ಟೀಲ್ ಲೋಟ, ತಟ್ಟೆ ಬೇರೆ ಇಟ್ಟರು.

ಪಿ16 ಅಂದರೆ ಏನು ಅಂತ ನಾನು ಹುಡುಕೋಕೆ ಶುರು ಮಾಡಿದ್ದು ಆಗ. ಎಚ್‌ಪಿವಿಯಲ್ಲಿ ಇ6, ಇ7 ಅಂತ ಎರಡು ಜೀನ್ ಇವೆ. ಕೋಶ ಹದ್ದು ಮೀರಿ ಬೆಳೆಯದ ಹಾಗೆ ಕಾಯೋ ಎರಡು ಪ್ರೋಟೀನ್ ನಮ್ಮೊಳಗಿವೆ: ಪಿ53 ಮತ್ತು ಆರ್‌ಬಿ. ಇ6 ಮೊದಲನೆಯದನ್ನು, ಇ7 ಎರಡನೆಯದನ್ನು ಮುಗಿಸುತ್ತೆ. ಆರ್‌ಬಿ ಹೋದರೆ ಕೋಶದಲ್ಲಿ ಪಿ16 ತುಂಬಿಕೊಳ್ಳುತ್ತೆ. ಅಂದರೆ ಪಿ16 ಹೊಗೆ ಇದ್ದ ಹಾಗೆ, ಬೆಂಕಿಯಲ್ಲ. ಕೆಲವು ಸಲ ವೈರಸ್ ಇಲ್ಲದೆಯೂ ಅದು ಕಾಣಿಸುತ್ತೆ.

ಹಾಗಾದರೆ ವೈರಸ್ಸಿನ ಡಿಎನ್‌ಎಯನ್ನೇ ಹುಡುಕಬಹುದಲ್ಲ? ಹುಡುಕಬಹುದು. ಆದರೆ ತೋಟದಲ್ಲಿ ಮೋಟರ್ ಇದೆ ಅಂದ ಮಾತ್ರಕ್ಕೆ ನೀರು ಹರೀತಿದೆ ಅಂತಲ್ಲ. ಡಿಎನ್‌ಎ ಮೋಟರ್, ಆರ್‌ಎನ್‌ಎ ಪೈಪಲ್ಲಿ ಬರೋ ನೀರು. ಇ6, ಇ7ರ ಆರ್‌ಎನ್‌ಎ ಸಿಕ್ಕರೆ ಮಾತ್ರ ವೈರಸ್ ಅಲ್ಲಿ ಸುಮ್ಮನೆ ಕೂತಿಲ್ಲ, ಕೆಲಸ ಮಾಡ್ತಿದೆ ಅಂತ ಅರ್ಥ.

ಅಳೆಯೋ ರೀತಿ ಕೋವಿಡ್ ಟೈಮಿಂದ ಎಲ್ಲರಿಗೂ ಗೊತ್ತಿರೋ ಆರ್‌ಟಿ-ಪಿಸಿಆರ್. ಆರ್‌ಎನ್‌ಎಯನ್ನು ಡಿಎನ್‌ಎಗೆ ತಿರುಗಿಸಿ, ಒಂದೊಂದು ಸುತ್ತಿಗೂ ಎರಡರಷ್ಟು ಮಾಡ್ತಾ ಹೋಗೋದು. ಒಂದು ಸ್ಯಾಂಪಲ್ 22ನೇ ಸುತ್ತಿಗೆ, ಇನ್ನೊಂದು 25ಕ್ಕೆ ಗೆರೆ ದಾಟಿದರೆ ಮೊದಲನೆಯದರಲ್ಲಿ ಸುಮಾರು 8 ಪಟ್ಟು ಹೆಚ್ಚು. ತುಂಡು ದೊಡ್ಡದಿದ್ದರೆ ಲೆಕ್ಕ ತಪ್ಪುತ್ತೆ, ಅದಕ್ಕೇ ಎಲ್ಲಾ ಕೋಶದಲ್ಲೂ ಹೆಚ್ಚುಕಮ್ಮಿ ಒಂದೇ ಸಮ ಇರೋ ಒಂದು ಜೀನ್ ಜೊತೆ ಹೋಲಿಸ್ತಾರೆ. ತೊಂದರೆ ಅಂದರೆ ಆರ್‌ಎನ್‌ಎ ಬಹಳ ಬೇಗ ಚೂರಾಗುತ್ತೆ. ಆಸ್ಪತ್ರೆಯಲ್ಲಿ ಫಾರ್ಮಲಿನ್ ಹಾಕಿ ಮೇಣದಲ್ಲಿ ಇಟ್ಟ ತುಂಡಲ್ಲಂತೂ ಚೂರುಗಳೇ ಸಿಗೋದು.

ಇಷ್ಟು ಓದಿಕೊಂಡು ದಸರಾ ರಜಕ್ಕೆ ಊರಿಗೆ ಹೋದೆ. ದೊಡ್ಡಪ್ಪನ ರೇಡಿಯೇಶನ್ ಮುಗಿದಿತ್ತು, ಗಂಜಿ ನುಂಗೋಕೂ ಕಷ್ಟ ಪಡ್ತಿದ್ದರು. ಅವರ ಲೋಟ ಇನ್ನೂ ಕಿಟಕಿ ಮೇಲೇ ಇತ್ತು.

"ದೊಡ್ಡಮ್ಮಾ, ಇದು ಲೋಟದಿಂದ ಅಂಟೋ ಕಾಯಿಲೆ ಅಲ್ಲ" ಅಂದೆ.

"ಮತ್ತೆ ಹೆಂಗ್ ಬರುತ್ತೋ?"

ಕ್ಲಾಸಲ್ಲಿ ಇಂಗ್ಲಿಷಲ್ಲಿ ಈ ಉತ್ತರ ಎರಡು ಸೆಕೆಂಡಿನ ಕೆಲಸ. ದೊಡ್ಡಮ್ಮನ ಮುಂದೆ ಕನ್ನಡದಲ್ಲಿ ನನ್ನ ಹತ್ತಿರ ಪದವೇ ಇರಲಿಲ್ಲ. ನೆಲ ನೋಡ್ತಾ, "ಗಂಡಸು ಹೆಂಗಸು ಕೂಡೋದ್ರಿಂದ ಬರೋ ವೈರಸ್" ಅಂದೆ. ದೊಡ್ಡಪ್ಪನ ಮೇಲೆ ಅನುಮಾನ ಪಡ್ತಾರೇನೋ ಅಂತ ಎದೆ ಹೊಡ್ಕೊಳ್ತಿತ್ತು.

ದೊಡ್ಡಮ್ಮ ತುಂಬಾ ಹೊತ್ತು ಸುಮ್ಮನಿದ್ದು ಕೇಳಿದರು: "ಹಂಗಾರೆ ನನ್ನಿಂದ್ಲೇ ಬಂತೇನೋ ಅವರಿಗೆ?"

ಈ ಪ್ರಶ್ನೆಗೆ ನಾನು ತಯಾರಾಗಿರಲಿಲ್ಲ. ಗೊತ್ತಿದ್ದಷ್ಟು ಹೇಳಿದೆ. ಈ ವೈರಸ್ ಬಹುಪಾಲು ಜನರಿಗೆ ಒಂದಲ್ಲ ಒಂದು ಸಲ ಬಂದಿರುತ್ತೆ. ಹೆಚ್ಚಿನವರ ಮೈ ಒಂದೆರಡು ವರ್ಷದಲ್ಲಿ ಅದನ್ನ ಓಡಿಸುತ್ತೆ. ಕೆಲವರಲ್ಲಿ ಮಾತ್ರ ಉಳಿದು ಎಷ್ಟೋ ವರ್ಷ ಆದಮೇಲೆ ಹೀಗಾಗುತ್ತೆ. ಯಾರಿಂದ, ಯಾವಾಗ ಅಂತ ಯಾವ ಮಿಷನ್ನೂ ಹೇಳಲ್ಲ. ಇವತ್ತು ಎಷ್ಟು ಅಂತ ಮಾತ್ರ ಹೇಳುತ್ತೆ. ಇದರಲ್ಲಿ ಯಾರ ತಪ್ಪೂ ಇಲ್ಲ.

"ನಿಜವಾಗ್ಲೂ?"

"ನಿಜ ದೊಡ್ಡಮ್ಮಾ."

ಅವರು ಅತ್ತರು. ಎಷ್ಟು ತಿಂಗಳಿಂದ ಏನೇನು ಮನಸ್ಸಲ್ಲಿ ಇಟ್ಟುಕೊಂಡಿದ್ದರೋ, ನಾನು ಕೇಳಲಿಲ್ಲ. ಸಂಜೆ ಬಯಲು ಗಣಪತಿ ಗುಡಿಗೆ ಹೋಗಿ ಬಂದು, ಎಂಟನೇ ಕ್ಲಾಸಿನ ನನ್ನ ತಂಗಿಯನ್ನ ನೋಡಿ, "ಇದಕ್ಕೆ ಸೂಜಿ ಏನಾದ್ರೂ ಐತೇನೋ?" ಅಂದರು. ಇದೆ, ನಮ್ಮ ದೇಶದಲ್ಲೇ ಮಾಡಿದ ಲಸಿಕೆ 2023ರಲ್ಲೇ ಬಂತು, ಅವಳ ವಯಸ್ಸಿಗೇ ಹಾಕಿಸೋದು ಒಳ್ಳೇದು ಅಂದೆ. ಹಾಕಿಸೋದು ಅಂತ ಆಯ್ತು.

ಮುಂದಿನ ವಾರ ಸೆಮಿನಾರ್. ಸ್ಲೈಡೆಲ್ಲ ಇಂಗ್ಲಿಷಲ್ಲೇ ಇವೆ. ಮೊನ್ನೆ ಫೋನ್ ಮಾಡಿದಾಗ ದೊಡ್ಡಪ್ಪ ಕಾಫಿ ಕುಡೀತಿದ್ದರು. ಯಾವ ಲೋಟ ಅಂತ ಕೇಳಿದೆ. "ಎಲ್ಲಾ ಒಂದೇ ಥರ ಇದಾವೆ ಕಣೋ, ಯಾವುದು ಅಂತ ಹೇಳ್ಲಿ" ಅಂದರು.