ರಸ್ತೆಯ ಕೆಳಗಣ ನೆಲ

ರಸ್ತೆಯೆಂದರೆ ನಮ್ಮಲ್ಲಿ ಬಹುಮಂದಿಗೆ ಕಣ್ಣಿಗೆ ಕಾಣುವ ಕರಿಯ ಮೇಲ್ಮೈಯೇ ಹೊರತು ಬೇರಲ್ಲ. ಅದು ನುಣ್ಣಗಿದ್ದರೆ ಒಳ್ಳೆಯ ರಸ್ತೆಯೆಂದೂ, ಗುಂಡಿ ಬಿದ್ದಿದ್ದರೆ ಕೆಟ್ಟ ರಸ್ತೆಯೆಂದೂ ಹೇಳಿ ಮುಂದೆ ಸಾಗುತ್ತೇವೆ. ಆದರೆ ಆ ಕರಿಯ ಹೊದಿಕೆಯ ಅಡಿಯಲ್ಲಿ ಹಲವು ಪದರಗಳುಂಟು. ಅವೆಲ್ಲಕ್ಕೂ ಕೆಳಗೆ ನಮ್ಮ ಹೊಲಗದ್ದೆಗಳ ಮಣ್ಣೇ ಉಂಟು. ಈ ಪದರಗಳನ್ನು ಇಂದಿನ ಎಂಜಿನಿಯರುಗಳು ಗಣಕಯಂತ್ರದಲ್ಲಿ ಯಾವ ರೀತಿಯಾಗಿ ನಿರೂಪಿಸುತ್ತಾರೆಂಬುದನ್ನು, ನಮ್ಮ ಶಾಲೆಯಲ್ಲಿ ಓದಿ ಈಗ ಸಿವಿಲ್ ಎಂಜಿನಿಯರಾಗಿರುವ ಹಳೆಯ ವಿದ್ಯಾರ್ಥಿನಿಯೊಬ್ಬಳು ಒಂದು ಶನಿವಾರ ಹತ್ತನೆಯ ತರಗತಿಯ ಬಾಲಿಕೆಯರಿಗೆ ತೋರಿಸಿಕೊಟ್ಟಳು. ಅದನ್ನು ಎಲ್ಲರೂ ತಿಳಿಯತಕ್ಕದ್ದೆಂದು ತೋರಿದ ಕಾರಣ ಇಲ್ಲಿ ಬರೆಯುತ್ತಿದ್ದೇವೆ.

ಈ ವಿಷಯವು ಹೆಣ್ಣುಮಕ್ಕಳ ಶಾಲೆಗೆ ಸಂಬಂಧಪಟ್ಟುದಲ್ಲವೆಂದು ಯಾರೂ ಭಾವಿಸಬಾರದು. ಕಟ್ಟಾಯದ ಸುತ್ತಣ ಹಳ್ಳಿಗಳಿಂದ ಬರುವ ಮಕ್ಕಳ ಹಾಜರಿ ಪುಸ್ತಕವನ್ನು ತೆರೆದರೆ, ಯಾವ ತಿಂಗಳಲ್ಲಿ ಯಾವ ದಾರಿ ಕೆಟ್ಟಿತೆಂಬುದನ್ನು ನಾವು ಹೇಳಬಲ್ಲೆವು. ಮಳೆಗಾಲದಲ್ಲಿ ರಸ್ತೆಯ ಅಂಚು ಕುಸಿದರೆ ಬಸ್ಸು ನಿಲ್ಲುತ್ತದೆ. ಬಸ್ಸು ನಿಂತರೆ ಗಂಡುಮಗನು ಹೇಗೋ ಹೋಗುತ್ತಾನೆ. ಹೆಣ್ಣುಮಗಳು ಮನೆಯಲ್ಲಿ ಉಳಿಯುತ್ತಾಳೆ. ಒಂದು ವಾರ ಉಳಿದವಳು ತಿಂಗಳು ಉಳಿಯುವುದೂ, ತಿಂಗಳು ಉಳಿದವಳು ಮತ್ತೆ ಬಾರದಿರುವುದೂ ಉಂಟು. ಆದುದರಿಂದ ರಸ್ತೆ ಎಷ್ಟು ಕಾಲ ಬಾಳುವುದೆಂಬುದು ನಮಗೆ ಪಾಠದಷ್ಟೇ ಮುಖ್ಯವಾದ ಸಂಗತಿ.

ಮೊದಲು ಪದರಗಳ ಹೆಸರನ್ನು ಹೇಳಿಬಿಡುವೆವು. ಎಲ್ಲಕ್ಕೂ ಕೆಳಗಿರುವುದು ನೆಲದ ಮಣ್ಣು. ಅದರ ಮೇಲಿನ 500 ಮಿಲಿಮೀಟರು ಭಾಗವನ್ನು ಹದವಾಗಿ ನೀರು ಚಿಮುಕಿಸಿ ರೋಲರಿನಿಂದ ಗಟ್ಟಿ ಮಾಡುತ್ತಾರೆ. ಇದಕ್ಕೆ ಸಬ್‌ಗ್ರೇಡ್ ಎಂದು ಹೆಸರು. ಅದರ ಮೇಲೆ ಗರಸು ಮತ್ತು ಒಡೆದ ಕಲ್ಲಿನ ಹಾಸು. ಎಂಜಿನಿಯರುಗಳು ಇದನ್ನು ಜಿ.ಎಸ್.ಬಿ. ಎನ್ನುವರು. ಒಳಗಿಳಿದ ನೀರನ್ನು ಪಕ್ಕಕ್ಕೆ ಹರಿಯಬಿಡುವುದೂ ಇದರ ಕೆಲಸವೇ. ಅದರ ಮೇಲೆ, ಸಣ್ಣ ದೊಡ್ಡ ಜಲ್ಲಿಯನ್ನು ಅಳತೆಯಂತೆ ಬೆರೆಸಿ ನೀರು ಹಾಕಿ ಕಲಸಿದ ವೆಟ್ ಮಿಕ್ಸ್ ಮೆಕಾಡಮ್. ಕೊನೆಗೆ ಡಾಂಬರು ಬೆರೆತ ಜಲ್ಲಿಯ ಹಾಸುಗಳು; ಹೆದ್ದಾರಿಗಳಲ್ಲಿ ಇವು ದಪ್ಪ, ಹಳ್ಳಿಯ ರಸ್ತೆಗಳಲ್ಲಿ ತೆಳು.

ರಸ್ತೆಯನ್ನು ರೂಪಿಸುವ ಸಿವಿಲ್ 3ಡಿ, ಓಪನ್‌ರೋಡ್ಸ್ ಮುಂತಾದ ತಂತ್ರಾಂಶಗಳಲ್ಲಿ, ರಸ್ತೆಯನ್ನು ಅಡ್ಡಲಾಗಿ ಕೊಯ್ದು ನೋಡಿದಂತೆ ಒಂದು ಚಿತ್ರವನ್ನು ಸಿದ್ಧಪಡಿಸುತ್ತಾರೆ. ಪದರ ಪದರಕ್ಕೂ ಹೆಸರು, ದಪ್ಪ, ಅಗಲ, ಇಳಿಜಾರು ಇವನ್ನು ನಮೂದಿಸಬೇಕು. ಆಮೇಲೆ ತಂತ್ರಾಂಶವು ಆ ಚಿತ್ರವನ್ನು ರಸ್ತೆಯ ಉದ್ದಕ್ಕೂ ಹರಡಿ, ಎಷ್ಟು ಮಣ್ಣು ಅಗೆಯಬೇಕು, ಎಷ್ಟು ಜಲ್ಲಿ ತರಿಸಬೇಕು ಎಂಬ ಲೆಕ್ಕವನ್ನು ಕ್ಷಣಮಾತ್ರದಲ್ಲಿ ಒಪ್ಪಿಸುತ್ತದೆ. 5.5 ಮೀಟರು ಅಗಲದ ರಸ್ತೆಯಲ್ಲಿ ಒಂದು ಪದರದ ದಪ್ಪವನ್ನು 50 ಮಿಲಿಮೀಟರು ಕಡಿಮೆ ಬರೆದರೆ, ಕಿಲೋಮೀಟರಿಗೆ 275 ಘನಮೀಟರು ಜಲ್ಲಿ ಕಡಿಮೆಯಾಗುತ್ತದೆ. ಈ ಲೆಕ್ಕವನ್ನು ನಮ್ಮ ಬಾಲಿಕೆಯರು ಯಂತ್ರದ ನೆರವಿಲ್ಲದೆ ಕರಿಹಲಗೆಯ ಮೇಲೆ ಮಾಡಿ ತೋರಿಸಿದರು; ಮೂರು ಬೆರಳಗಲದ ಅಂಕಿಗೆ ಇಷ್ಟೊಂದು ಬೆಲೆಯೆ ಎಂದು ಬೆರಗಾದರು.

ಆದರೆ ಪದರಗಳ ದಪ್ಪವು ಸಾಕೇ ಸಾಲದೇ ಎಂಬುದನ್ನು ಪರೀಕ್ಷಿಸುವುದಕ್ಕೆ ಬೇರೊಂದು ತಂತ್ರಾಂಶ ಬೇಕು. 1934ರಲ್ಲಿ ಸ್ಥಾಪಿತವಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಸಂಸ್ಥೆಯು ಡಾಂಬರು ರಸ್ತೆಗಳ ಮಾರ್ಗಸೂಚಿಯನ್ನು 1970ರಲ್ಲಿ ಮೊದಲು ಪ್ರಕಟಿಸಿ, 2018ರಲ್ಲಿ ನಾಲ್ಕನೆಯ ಸಲ ಪರಿಷ್ಕರಿಸಿತು. ಅದರೊಡನೆ ಬಳಸುವ ತಂತ್ರಾಂಶವೇ ಖರಗ್‌ಪುರದ ಐಐಟಿಯಲ್ಲಿ ಸಿದ್ಧವಾದ ಐಐಟಿಪೇವ್. ಇದರಲ್ಲಿ ಒಂದು ಚಕ್ರದ ಭಾರವನ್ನು 20,000 ನ್ಯೂಟನ್, ಅಂದರೆ ಸುಮಾರು ಎರಡು ಟನ್ನು ಎಂದು ಬರೆದು, ಪದರಗಳ ಬಿಗುಪು ಮತ್ತು ದಪ್ಪವನ್ನು ಮೇಲಿನಿಂದ ಕೆಳಕ್ಕೆ ತುಂಬುತ್ತ ಹೋಗಬೇಕು. ಆಕೆ ಹಾಗೆ ತುಂಬುತ್ತಿರುವಾಗ, ಮುಂದಿನ ಬೆಂಚಿನ ಬಾಲಿಕೆಯೊಬ್ಬಳು ಎದ್ದು ನಿಂತು, “ಅಕ್ಕಾ, ಕಡೆಯ ಪದರಕ್ಕೆ ದಪ್ಪವನ್ನೇ ಬರೆಯಲಿಲ್ಲವಲ್ಲ?” ಎಂದು ಕೇಳಿದಳು.

“ಅದು ನೆಲ ಕಣಮ್ಮಾ. ಅದಕ್ಕೆ ತಳವಿಲ್ಲ. ಅದರ ದಪ್ಪವನ್ನು ಯಂತ್ರವೂ ಕೇಳುವುದಿಲ್ಲ; ಅದರ ಗುಣವನ್ನು ಮಾತ್ರ ಕೇಳುತ್ತದೆ,” ಎಂದು ಆಕೆ ಉತ್ತರ ಕೊಟ್ಟಳು.

ಈ ಗುಣವನ್ನು ಅಳೆಯುವ ಕ್ರಮವು ಅಮೆರಿಕೆಯ ಕ್ಯಾಲಿಫೋರ್ನಿಯಾದಲ್ಲಿ 1920ರ ದಶಕದ ಕೊನೆಯಲ್ಲಿ ಹುಟ್ಟಿತು, ಸಿ.ಬಿ.ಆರ್. ಪರೀಕ್ಷೆಯೆಂದು ಅದರ ಹೆಸರು. ಮಣ್ಣನ್ನು ಕಬ್ಬಿಣದ ಅಚ್ಚಿನಲ್ಲಿ ದಮ್ಮಸ್ಸು ಮಾಡಿ, ನಾಲ್ಕು ದಿನ ನೀರಿನಲ್ಲಿ ನೆನೆಯಿಸಿ, 50 ಮಿಲಿಮೀಟರು ವ್ಯಾಸದ ಕಬ್ಬಿಣದ ದಿಂಡನ್ನು ಮೆಲ್ಲಮೆಲ್ಲನೆ ಅದರೊಳಕ್ಕೆ ಒತ್ತುತ್ತಾರೆ. ದಿಂಡು 2.5 ಮಿಲಿಮೀಟರು ಇಳಿಯಲು ಒಳ್ಳೆಯ ಜಲ್ಲಿಯಲ್ಲಿ 1,370 ಕಿಲೋಗ್ರಾಂ ಭಾರ ಬೇಕು. ನಮ್ಮ ಮಣ್ಣಿನಲ್ಲಿ ಅದರ ಶೇಕಡಾ ಎಷ್ಟು ಭಾರ ಸಾಕಾಯಿತೋ ಅದೇ ಆ ಮಣ್ಣಿನ ಅಂಕಿ. ಒಣಗಿದ ಮಣ್ಣು ಎಲ್ಲವೂ ಗಟ್ಟಿಯಾಗಿ ಕಾಣುತ್ತದೆ. ನಾಲ್ಕು ದಿನ ನೆನೆದ ಮೇಲೆ ಉಳಿಯುವ ಶಕ್ತಿಯೇ ಮಳೆಗಾಲದಲ್ಲಿ ನಮ್ಮ ಬಸ್ಸನ್ನು ಹೊರುವ ಶಕ್ತಿ.

ಇನ್ನು ಮುಖ್ಯವಾದ ಮಾತು. ಜಲ್ಲಿಯ ಪದರದ ಬಿಗುಪನ್ನು ಎಂಜಿನಿಯರು ತನ್ನ ಇಷ್ಟದಂತೆ ಬರೆಯುವ ಹಾಗಿಲ್ಲ. ಮಾರ್ಗಸೂಚಿಯ ಸೂತ್ರದಲ್ಲಿ ಅದು ಕೆಳಗಿನ ನೆಲದ ಬಿಗುಪಿನ ಇಷ್ಟು ಪಟ್ಟು ಎಂದೇ ಬರುತ್ತದೆ. ಮಣ್ಣಿನ ಅಂಕಿ 8 ಆಗಿದ್ದರೆ ನೆಲದ ಬಿಗುಪು ಸುಮಾರು 67 ಮೆಗಾಪಾಸ್ಕಲ್. ಅದರ ಮೇಲೆ 450 ಮಿಲಿಮೀಟರು ಜಲ್ಲಿ ಹಾಸಿದರೆ ಜಲ್ಲಿಯ ಬಿಗುಪು ಸುಮಾರು 208. ಮಣ್ಣಿನ ಅಂಕಿ 4 ಆದರೆ ನೆಲ 40. ಅದೇ ಕಲ್ಲುಗಣಿಯ ಅದೇ ಜಲ್ಲಿಯನ್ನು ಅದೇ ದಪ್ಪಕ್ಕೆ ಹಾಸಿದರೂ ಅದರ ಬಿಗುಪು 125ಕ್ಕೆ ಇಳಿಯುತ್ತದೆ. ಕಲ್ಲು ಕಲ್ಲೇ ಆದರೂ, ತನ್ನನ್ನು ಹೊತ್ತ ಮಣ್ಣು ಮೆತ್ತಗಿದ್ದರೆ ಅದೂ ಮೆತ್ತಗಾದಂತೆಯೇ. ಆಗ ಮೇಲಿನ ಡಾಂಬರು ಪ್ರತಿ ಚಕ್ರದ ಕೆಳಗೂ ಹೆಚ್ಚು ಬಾಗಿ, ತನ್ನ ಅಡಿಯಲ್ಲಿ ಎಳೆತಕ್ಕೆ ಸಿಕ್ಕುತ್ತದೆ. ಬಿರುಕು ಅನೇಕ ವೇಳೆ ಆ ಅಡಿಯಲ್ಲಿಯೇ ಹುಟ್ಟಿ ಮೇಲಕ್ಕೆ ಬರುತ್ತದೆ. ನಮ್ಮ ಕಣ್ಣಿಗೆ ಕಾಣುವಾಗ ರೋಗ ಬಲಿತಿರುತ್ತದೆ.

ಈ ಅಂಕಿಯ ವಿಷಯದಲ್ಲಿಯೇ ನಮ್ಮ ವಿದ್ಯಾರ್ಥಿನಿಗೆ ಕೆಲಸದ ಮೊದಲ ವರ್ಷದಲ್ಲಿ ಒಂದು ಸಂಕಟ ಒದಗಿತು. ದೂರದ ಜಿಲ್ಲೆಯೊಂದರಲ್ಲಿ ಆಕೆಗೆ ವಹಿಸಿದ್ದ ರಸ್ತೆಯು ದಿಣ್ಣೆಯ ಮೇಲಿನ ಹೊಲಗಳಲ್ಲಿ ಹೊರಟು, ನಡುವೆ ಒಂದು ಕೆರೆಯ ಅಚ್ಚುಕಟ್ಟನ್ನು ದಾಟಬೇಕಾಗಿತ್ತು. ಪರೀಕ್ಷೆಗೆ ಮಣ್ಣು ತೆಗೆದುದು ದಿಣ್ಣೆಯಲ್ಲಿ ಮಾತ್ರ. ಅಂದಾಜು ಪಟ್ಟಿಯನ್ನು ತಿಂಗಳ ಕೊನೆಗೆ ಕಳುಹಿಸಬೇಕಾದುದರಿಂದ, ಆ ಅಂಕಿಯನ್ನೇ ಉದ್ದಕ್ಕೂ ಬರೆದುಬಿಡುವಂತೆ ಮೇಲಿನವರು ಹೇಳಿದರು. ಹಾಗೆ ಬರೆದರೆ ಯಂತ್ರವು ಎದುರಾಡುತ್ತಿರಲಿಲ್ಲ. ಅಚ್ಚುಕಟ್ಟಾದ ಉತ್ತರವನ್ನೇ ಕೊಡುತ್ತಿತ್ತು. ಆದರೆ ಆಕೆ ಕಟ್ಟಾಯದ ಸೀಮೆಯ ಒಕ್ಕಲುಮನೆಯ ಮಗಳು. ರಾಗಿ ಬೆಳೆಯುವ ಕೆಮ್ಮಣ್ಣು ಮಳೆ ನಿಂತ ಮರುದಿನ ಕಾಲಿಗೆ ಹತ್ತದೆಂಬುದನ್ನೂ, ಕೆರೆಯ ಕೆಳಗಿನ ಗದ್ದೆಯ ಜಿಗುಟು ಮಣ್ಣು ವಾರವಾದರೂ ಹಿಮ್ಮಡಿಯನ್ನು ಬಿಡದೆಂಬುದನ್ನೂ ಆಕೆ ಯಾವ ಪುಸ್ತಕದಿಂದಲೂ ಕಲಿತವಳಲ್ಲ. “ಅಲ್ಲಿಯ ಮಣ್ಣನ್ನೂ ನೆನೆಯಿಸಿ ನೋಡದೆ ನಾನು ಸಹಿ ಹಾಕಲಾರೆ,” ಎಂದು ವಿನಯದಿಂದಲೇ ಹೇಳಿದಳು. ಹೊಸಬಳು, ಹೆಂಗಸು, ಹಟಮಾರಿ ಎಂಬ ಮಾತುಗಳನ್ನು ಕೇಳಬೇಕಾಯಿತು; ಪಟ್ಟಿಯೂ ತಡವಾಯಿತು. ಕೊನೆಗೆ ಪರೀಕ್ಷೆ ನಡೆದು, ಗದ್ದೆಯ ಭಾಗಕ್ಕೆ ಬೇರೆ ಅಡ್ಡಚಿತ್ರವನ್ನೇ ರಚಿಸಿ, ಜಿಗುಟು ಮಣ್ಣನ್ನು ತೆಗೆದು ಒಳ್ಳೆಯ ಗರಸನ್ನು ತುಂಬಿಸಿ, ಎರಡು ಕಡೆಯೂ ಚರಂಡಿ ತೆಗೆಸಿದರು.

ಇದು ಹೊಸ ಜ್ಞಾನವೇನೂ ಅಲ್ಲ. ಮೆಕಾಡಮ್ ಎಂಬ ಹೆಸರು ಯಾರಿಂದ ಬಂದಿತೋ ಆ ಸ್ಕಾಟ್ಲೆಂಡಿನ ಜಾನ್ ಲೌಡನ್ ಮೆಕಾಡಮ್ (1756–1836), ಭಾರವನ್ನು ನಿಜವಾಗಿ ಹೊರುವುದು ಸಹಜವಾದ ನೆಲವೇ ಎಂದೂ, ಅದನ್ನು ನೀರಿನಿಂದ ಕಾಪಾಡುವುದೇ ರಸ್ತೆ ಮಾಡುವವನ ಕೆಲಸವೆಂದೂ ಬೋಧಿಸಿದನು. ನಮ್ಮ ಹಾಸನದಿಂದ ಮಂಗಳೂರಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿಯಲ್ಲಿ ಶಿರಾಡಿ ಘಾಟಿಗೆ 2015ರಲ್ಲಿಯೂ 2018ರಲ್ಲಿಯೂ ಕಾಂಕ್ರೀಟು ಹಾಸಿದರು. ಅದೇ 2018ರ ಆಗಸ್ಟ್ ತಿಂಗಳ ಮಹಾಮಳೆಯಲ್ಲಿ ಬೆಟ್ಟದ ಮಣ್ಣು ಕುಸಿದು ಸಂಚಾರ ನಿಂತುಹೋಯಿತು. ಮೇಲಿನ ಹಾಸು ಎಷ್ಟೇ ಗಟ್ಟಿಯಾಗಿದ್ದರೂ ಮಣ್ಣಿನ ಮತ್ತು ನೀರಿನ ಮಾತನ್ನು ಮೀರಿ ನಡೆಯಲಾಗದು.

ಹೆಂಗಸರಿಗೆ ಈ ಕೆಲಸ ಸಲ್ಲದೆನ್ನುವವರು ಈಗಲೂ ಉಂಟು. ಮದರಾಸಿನ ಗಿಂಡಿ ಎಂಜಿನಿಯರಿಂಗ್ ಕಾಲೇಜಿನಲ್ಲಿ 1940ರ ದಶಕದಲ್ಲಿಯೇ ಸಿವಿಲ್ ಪದವಿ ಪಡೆದ ಪಿ. ಕೆ. ತ್ರೇಸಿಯಾ ಅವರು 1971ರಲ್ಲಿ ಕೇರಳದ ಲೋಕೋಪಯೋಗಿ ಇಲಾಖೆಯ ಮುಖ್ಯ ಎಂಜಿನಿಯರಾದರು. ಹಾಸನದಲ್ಲಿಯೇ 1960ರಲ್ಲಿ ಮಲೆನಾಡು ಎಂಜಿನಿಯರಿಂಗ್ ಕಾಲೇಜು ಆರಂಭವಾಯಿತು. ಹೀಗಿದ್ದೂ, “ಬಿಸಿಲಿನಲ್ಲಿ ನಿಲ್ಲುವ ಕೆಲಸ ನಮ್ಮ ಹುಡುಗಿಗೆ ಬೇಡಮ್ಮಾ,” ಎಂದು ಹೇಳುವ ತಂದೆತಾಯಿಗಳು ನಮ್ಮ ಕೊಠಡಿಗೆ ಪ್ರತಿವರ್ಷವೂ ಬರುತ್ತಾರೆ.

ಅವರಲ್ಲಿ ನಮ್ಮ ಬಿನ್ನಹವಿಷ್ಟೆ. ಗದ್ದೆಯ ಬದುವಿನಲ್ಲಿ ನಡೆದು ಬೆಳೆದ ನಿಮ್ಮ ಮಗಳಿಗೆ ನೆಲದ ಗುಣ ಗೊತ್ತು. ಆ ತಿಳಿವಳಿಕೆಗೆ ಗಣಿತವನ್ನು ಕೂಡಿಸುವುದಷ್ಟೇ ಶಾಲೆಯ ಕೆಲಸ. ಮಳೆ ಬಂದಿತೆಂದು, ಬಸ್ಸು ನಿಂತಿತೆಂದು ಅವಳನ್ನು ಬಿಡಿಸಬೇಡಿರಿ. ತಿಳಿಸಿದರೆ ಉಳಿದುಕೊಳ್ಳುವ ಏರ್ಪಾಡನ್ನು ನಾವು ಮಾಡುವೆವು. ಹಳೆಯ ವಿದ್ಯಾರ್ಥಿನಿಯರಲ್ಲಿ ಇಂಥ ಕೆಲಸದಲ್ಲಿರುವವರು ಒಂದು ಶನಿವಾರ ಬಿಡುವು ಮಾಡಿಕೊಂಡು ಬಂದು, ತಾವು ಕಲಿತುದನ್ನು ತಂಗಿಯರಿಗೆ ತೋರಿಸಬೇಕೆಂದು ಕೋರುತ್ತೇವೆ. ಕರಿಹಲಗೆಯೂ ಸುಣ್ಣದ ಕಡ್ಡಿಯೂ ಇಲ್ಲಿ ಸಿದ್ಧವಾಗಿರುತ್ತವೆ.