ಬಸುರಿ ಹೊಲವೋ, ಬಸ್ರಿ ಹೊಲವೋ

ಭಾನುವಾರ ಹನ್ನೊಂದು ಗಂಟೆಗೆ ಬೆಟಗೇರಿಯ ನನ್ನ ಡಿಟಿಪಿ ಅಂಗಡಿಯ ಅರ್ಧ ಶಟರ್ ಎತ್ತಿಟ್ಟು ನಾವು ಮೂವರು ಕೂಡುತ್ತೇವೆ. ಒಬ್ಬ ಮುಂಡರಗಿಯವನು, ಬೀಜ-ಗೊಬ್ಬರದ ಅಂಗಡಿ ಇಟ್ಟಿದ್ದಾನೆ. ತನ್ನ ಅಂಗಡಿಯ ಉದ್ರಿ ಲೆಕ್ಕಕ್ಕೆ ತಾನೇ ಪ್ರೋಗ್ರಾಂ ಬರೆದುಕೊಂಡವನು. ಇನ್ನೊಬ್ಬ ಶಿರಹಟ್ಟಿಯಲ್ಲಿ ಹುಡುಗರಿಗೆ ಕಂಪ್ಯೂಟರ್ ಕಲಿಸುತ್ತಾನೆ. ಮೂವರಲ್ಲಿ ಯಾರೂ ಇಂಜಿನಿಯರಿಂಗ್ ಓದಿದವರಲ್ಲ. ಗಿರ್ಮಿಟ್ ಕಟ್ಟಿಸಿಕೊಂಡು ಬಂದ ಪೇಪರಿನ ಮೇಲೆಯೇ ಎಷ್ಟೋ ಸಲ ಕೋಡ್ ಬರೆದು ತೋರಿಸಿದ್ದೇವೆ. ಎಣ್ಣೆ ಹತ್ತಿದ ಆ ಪೇಪರುಗಳಲ್ಲಿ ಕೆಲವು ಇನ್ನೂ ನನ್ನ ಡ್ರಾಯರಿನಲ್ಲಿವೆ.

ಗದಗ-ಬೆಟಗೇರಿಯವರಿಗೆ ಅಕ್ಷರದ ಕಸುಬು ಹೊಸದಲ್ಲ. ಪ್ರೆಸ್ಸುಗಳ ಊರಿದು. ಮೊಳೆ ಜೋಡಿಸುವ ಕಾಲ ಹೋಗಿ ಡಿಟಿಪಿ ಬಂದಾಗ ಅದೇ ಓಣಿಗಳಲ್ಲಿ ಕಂಪ್ಯೂಟರುಗಳು ಬಂದು ಕೂತವು. ಶ್ರೀಲಿಪಿ, ಬರಹ, ಆಮೇಲೆ ಕನ್ನಡ ಗಣಕ ಪರಿಷತ್ತಿನ ನುಡಿ. ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರಲ್ಲಿಯೇ ಜಾಗ ಸಿಕ್ಕಿತ್ತು. ಆದರೆ ನಮ್ಮ ಪೇಜ್‌ಮೇಕರಿಗೆ ಅದು ತಿಳಿಯುತ್ತಿರಲಿಲ್ಲವಾದ್ದರಿಂದ ಬಹಳ ವರ್ಷ ನಾವೆಲ್ಲ ಹಳೆಯ ಫಾಂಟುಗಳಲ್ಲೇ ಒಕ್ಕಲುತನ ಮಾಡಿದೆವು. ಆ ಫೈಲುಗಳಲ್ಲಿ ನಿಜವಾಗಿ ಕನ್ನಡ ಇರುವುದಿಲ್ಲ. ನುಡಿಯಲ್ಲಿ 'ಕ' ಎಂದು ಕಾಣುವುದು ಒಳಗೆ ಇಂಗ್ಲಿಷಿನ ದೊಡ್ಡ 'ಪಿ', ಅದರ ಪಕ್ಕಕ್ಕೆ ತಲೆಯ ಮೇಲೆ ಗೀಟಿರುವ ಒಂದು 'ಎ'. ಫಾಂಟ್ ಎಂಬ ವೇಷ ತೆಗೆದರೆ ಕನ್ನಡವೇ ಇಲ್ಲ.

ಲಕ್ಷ್ಮೇಶ್ವರದ ಮಾಸ್ತರು ನನ್ನ ಅಂಗಡಿಗೆ ಬಂದದ್ದು ಈ ವೇಷದ ತಕರಾರು ಹೊತ್ತುಕೊಂಡೇ. ನಿವೃತ್ತರಾದ ಮೇಲೆ ಅವರು ತಮ್ಮ ಊರಿನ, ಸುತ್ತಲಿನ ಹಳ್ಳಿಗಳ ಹೊಲಗಳ ಹೆಸರು ಕೂಡಿಸಿದ್ದರು. ಹೊಲ, ಬಾವಿ, ಹಳ್ಳ, ದಾರಿ. ಯಾವ ಹೊಲಕ್ಕೆ ಆ ಹೆಸರು ಯಾಕೆ ಬಂತು, ಹೇಳಿದವರು ಯಾರು, ಎರೆಯೋ ಮಸಾರಿಯೋ, ಎಲ್ಲವನ್ನೂ ನುಡಿಯಲ್ಲಿ ತಾವೇ ಒಂದೊಂದೇ ಬೆರಳಿನಿಂದ ಟೈಪ್ ಮಾಡಿದ್ದರು. 14 ಫೈಲು. ಕವಿರಾಜಮಾರ್ಗದಲ್ಲಿ ತಿರುಳ್ಗನ್ನಡದ ನಾಡನ್ನು ಗುರುತಿಸಲು ಹೆಸರಿಸಿದ ನಾಲ್ಕು ಊರುಗಳಲ್ಲಿ ಪುಲಿಗೆರೆ ಒಂದು, ಅದೇ ಈಗಿನ ಲಕ್ಷ್ಮೇಶ್ವರ. ಮಾಸ್ತರು ಅದನ್ನು ಎಲ್ಲರಿಗೂ ಹೇಳುತ್ತಾರೆ, ನನಗೂ ಹೇಳಿದರು. ಆಮೇಲೆ ದನಿ ಇಳಿಸಿ ಅಂದರು: "ಪುಣೆದಾಗ ಮೊಮ್ಮಗಳು ಫೋನಿನಾಗ ತಗದ್ರ ಬರೇ ಇಂಗ್ಲಿಷ್ ಕಸ ಕಾಣಸ್ತೈತಂತ. ನನಗೂ ಕಣ್ಣು ಮಂಜ ಆಗಾಕತ್ತಾವ. ಇದನ್ನ ಫೋನಿನಾಗ ದೊಡ್ಡ ಅಕ್ಷರದಾಗ ಓದೂ ಹಂಗ ಮಾಡಿಕೊಡು ತಮ್ಮಾ."

ಸಿದ್ಧ ಪರಿವರ್ತಕಗಳು ಇರಲಿಲ್ಲವೆಂದಲ್ಲ. ಬರಹದಲ್ಲೇ ಒಂದಿತ್ತು. ಅರವಿಂದ ವಿ.ಕೆ. ಪೈಥಾನ್‌ನಲ್ಲಿ ಬರೆದದ್ದು ಮುಕ್ತ ತಂತ್ರಾಂಶವಾಗಿ ಸಿಗುತ್ತದೆ, ಅದರ ಒಳಗನ್ನೂ ಓದಬಹುದು. ಆದರೆ ಆಗಷ್ಟೇ ಪೈಥಾನ್ ಕಲಿತಿದ್ದ ನನಗೆ ಹಮ್ಮು. ನಾನೇ ಬರೆಯುತ್ತೇನೆಂದು ಕೂತೆ.

ಮೊದಲ ಪೆಟ್ಟು ಬಿದ್ದದ್ದು 'ಯ'ದಿಂದ. ನುಡಿಯಲ್ಲಿ ಅನುಸ್ವಾರದ ಸೊನ್ನೆಗೆ ಯಾವ ಸಂಕೇತವೋ 'ಯ'ದ ಮೊದಲ ಸುತ್ತಿಗೂ ಅದೇ ಸಂಕೇತ. ನನ್ನ ಸ್ಕ್ರಿಪ್ಟ್ ಸೊನ್ನೆಯನ್ನು ಮೊದಲು ಬದಲಿಸುತ್ತಿತ್ತು, ಫೈಲಿನಲ್ಲಿ ಒಂದೂ 'ಯ' ಉಳಿಯಲಿಲ್ಲ. 'ಮ' ಎಂದರೆ 'ವ'ಕ್ಕೆ ಒಂದು ಕೊಂಬು. 'ವ' ಮೊದಲು ಬದಲಾದರೆ 'ಮ' ಹೋಯಿತು. ಮುಂಡರಗಿಯವನು ಹೇಳಿದ, "ಉದ್ದನ್ನದು ಮೊದಲ, ಗಿಡ್ಡಂದು ಆಮ್ಯಾಲ. ನಿನ್ನ ಪಟ್ಟಿನ ಉದ್ದದ ಲೆಕ್ಕದಾಗ ಸಾರ್ಟ್ ಮಾಡು, ಮುಗೀತು." ಒಂದೇ ಸಾಲಿನ ಬದಲಾವಣೆ. ಮೊಳೆ ಜೋಡಿಸುತ್ತಿದ್ದ ಪಕ್ಕದ ಓಣಿಯ ಹಿರಿಯರೊಬ್ಬರಿಗೆ ಇದನ್ನು ಹೇಳಿದರೆ ಅವರು ನಕ್ಕುಬಿಟ್ಟರು. ಅವರ ಕೇಸಿನಲ್ಲೂ ಕೊಂಬು ಬೇರೆ, ತಲೆಕಟ್ಟು ಬೇರೆ ಇರುತ್ತಿದ್ದವಂತೆ.

ಎರಡನೆಯದು ಅರ್ಕಾವತ್ತು. ಇಂಟರ್‌ನೆಟ್ಟಿನಲ್ಲಿ ಕನ್ನಡ ಓದುವವರೆಲ್ಲ ಇದನ್ನು ಕಂಡಿರುತ್ತಾರೆ: ಧರ್ಮ 'ಧಮರ್' ಆಗಿರುತ್ತದೆ, ವರ್ಷ 'ವಷರ್', ಸರ್ಕಾರ 'ಸಕಾರ್ರ'. ಹಳೆಯ ಫಾಂಟಿನಲ್ಲಿ ಅರ್ಕಾವತ್ತು ಕಣ್ಣಿಗೆ ಕಾಣುವ ಜಾಗದಲ್ಲೇ, ಎಂದರೆ ಅಕ್ಷರದ ನಂತರ ಕೂತಿರುತ್ತದೆ. ಯೂನಿಕೋಡಿನಲ್ಲಿ ಉಚ್ಚಾರದ ಜಾಗದಲ್ಲಿ, ಅಕ್ಷರದ ಮುಂಚೆ ಕೂಡಬೇಕು. ಅದನ್ನೊಂದು ಮನೆ ಹಿಂದೆ ಸರಿಸಿದರೆ ಆಯಿತೆಂದು ನಾನು ತಿಳಿದೆ. 'ಧರ್ಮ'ಕ್ಕೆ ಸರಿಹೋಯಿತು. 'ಕೀರ್ತಿ'ಯಲ್ಲಿ ಅದು 'ತ'ಕ್ಕೂ ಗುಡಿಸಿಗೂ ನಡುವೆ ಹೋಗಿ ಸಿಕ್ಕಿಕೊಂಡಿತು. ವ್ಯಂಜನ, ಅದರ ಒತ್ತುಗಳು, ಅದರ ಸ್ವರಚಿಹ್ನೆ ಇಷ್ಟನ್ನೂ ಒಂದೇ ಗಂಟಾಗಿ ಹಿಡಿದು ಅದರಾಚೆ ದಾಟಿಸಬೇಕು. ಅದನ್ನು ಹಿಡಿಯುವ ರೆಗ್ಯುಲರ್ ಎಕ್ಸ್‌ಪ್ರೆಶನ್ನನ್ನು ಶಿರಹಟ್ಟಿಯವನು ಬಸ್ಸಿನಲ್ಲಿ ನಿಂತುಕೊಂಡೇ ಫೋನಿನಲ್ಲಿ ಹೇಳಿ ಬರೆಸಿದ. ಅಷ್ಟರೊಳಗೆ ನಾನು ಮಾಸ್ತರಿಗೆ ಒಂದು ಮಾದರಿ ಪುಟ ಕಳಿಸಿಯಾಗಿತ್ತು. ಅದರಲ್ಲಿ 'ದರ್ಗಾದ ಹೊಲ' ಎಂಬುದು 'ದಗಾರ್ದ ಹೊಲ' ಆಗಿತ್ತು. ಅವರು ಫೋನ್ ಮಾಡಿ, "ಯಾರು ಯಾರಿಗೆ ದಗಾ ಮಾಡ್ಯಾರಪಾ ಇಲ್ಲೆ?" ಅಂದರು.

ಇಲ್ಲಿಯವರೆಗೆ ನಗುವ ವಿಷಯ.

ಸ್ಕ್ರಿಪ್ಟ್ ಸರಿಯಾಗಿತ್ತು, ಆದರೆ ಅದು ಕರಿ ಪರದೆಯಲ್ಲಿ ಓಡುತ್ತಿತ್ತು. ಮಾಸ್ತರು ಫೈಲುಗಳನ್ನು ನನ್ನ ಕೈಗೆ ಕೊಡಲು ಒಪ್ಪಲಿಲ್ಲ. ಮಾದರಿಗೆಂದು ಮೂರು ಕೊಟ್ಟಿದ್ದರು, ಉಳಿದವು ಅವರ ಮನೆಯ ಕಂಪ್ಯೂಟರಿನಲ್ಲೇ. ಒಮ್ಮೆ ಯಾವುದೋ ಪ್ರೆಸ್ಸಿನಲ್ಲಿ ಅವರ ಹಸ್ತಪ್ರತಿ ಕಳೆದಿತ್ತಂತೆ, ಆ ಭಯ. "ನನಗ ಒಂದು ಬಟನ್ ಮಾಡಿಕೊಡು, ನಾನ ಒತ್ತತೀನಿ" ಅಂದರು. ಪೈಥಾನ್ ಜೊತೆಗೇ ಬರುವ ಟಿಕೆ-ಇಂಟರ್ ಹಿಡಿದು ಒಂದು ಕಿಟಕಿ ಕಟ್ಟಿದೆ. ದೊಡ್ಡ ಬಟನ್, ಅದರ ಮೇಲೆ 'ಪರಿವರ್ತಿಸು'. ಶಿರಹಟ್ಟಿಯವನ ಲಿನಕ್ಸ್ ಯಂತ್ರದಲ್ಲಿ ತೆರೆದರೆ ಬಟನ್ನಿನ ಮೇಲಿನ ಆ ಪದವೇ ಒಡೆದು ಕಾಣುತ್ತಿತ್ತು. ಲಿನಕ್ಸಿನಲ್ಲಿ ಟಿಕೆ ಕಿಟಕಿಗಳು ಕನ್ನಡದ ಒತ್ತುಗಳನ್ನು ಜೋಡಿಸುವುದಿಲ್ಲ, ಕ್ಯೂಟಿ ಬಳಸು ಎಂದ. ಮಾಸ್ತರ ಮನೆಯಲ್ಲಿ ವಿಂಡೋಸ್ ಇತ್ತು, ಅಲ್ಲಿ ಸರಿ ಕಾಣುತ್ತಿತ್ತು. ನಾನು ಬಿಟ್ಟುಬಿಟ್ಟೆ. ಲಕ್ಷ್ಮೇಶ್ವರಕ್ಕೆ ಹೋಗಿ ಹಾಕಿಕೊಟ್ಟು, ಎರಡು ಸಣ್ಣ ಫೈಲು ಮಾಡಿ ತೋರಿಸಿ, ಊಟ ಮಾಡಿ ಬಂದೆ.

ಮರುದಿನ ಬೆಳಿಗ್ಗೆ ಫೋನು. "ತಮ್ಮಾ, ದೊಡ್ಡ ಫೈಲ್ ತೆರದೆ. ಬಟನ್ ಒತ್ತಿದೆ. ಕಿಟಕಿ ಬೆಳ್ಳಗ ಆಗಿ ನಿಂತ್ತು. ಒತ್ತಿದ್ದು ಸರಿ ಬಿದ್ದಿಲ್ಲೇನೋ ಅಂತ ಇನ್ನೊಮ್ಮೆ ಒತ್ತಿದೆ. ಈಗ ಎಲ್ಲಾ ಶಿ ಷಿ ಶಿ ಷಿ ಅಂತ ಬಂದೈತಿ."

ಆ ಬಸ್ಸಿನಲ್ಲಿ ಕೂತು ನಾನು ಮಾಡಿದ ತಪ್ಪುಗಳನ್ನು ಎಣಿಸಿದೆ. ಕಿಟಕಿಯನ್ನು ನಡೆಸುವ ಸುತ್ತಿನೊಳಗೇ ಉದ್ದದ ಕೆಲಸ ಹಚ್ಚಿದ್ದೆ, ಹಾಗಾಗಿ ಕೆಲಸ ಮುಗಿಯುವವರೆಗೆ ಕಿಟಕಿ ಸತ್ತಂತೆ ಬಿದ್ದಿತ್ತು. ಆ ಹೊತ್ತಿನಲ್ಲಿ ಒತ್ತಿದ ಎರಡನೆಯ ಒತ್ತು ಸರದಿಯಲ್ಲಿ ಕಾದು ನಿಂತು, ಮೊದಲಿನದು ಮುಗಿದೊಡನೆ ಮತ್ತೆ ಓಡಿತ್ತು. ಇದೂ ಹೋಗಲಿ. ಹೊಸದನ್ನು ಹಳೆಯ ಹೆಸರಿನಲ್ಲೇ, ಹಳೆಯದರ ಮೇಲೆಯೇ ಬರೆಯುತ್ತಿದ್ದೆ. ಅಂದರೆ ಎರಡನೆಯ ಸಲ ನನ್ನ ಪ್ರೋಗ್ರಾಂ ಓದಿದ್ದು ಆಗಲೇ ಯೂನಿಕೋಡ್ ಆಗಿದ್ದ ಕನ್ನಡವನ್ನು, ಅದೂ ಹಳೆಯ ನುಡಿ ಎಂದು ತಿಳಿದು. ಯೂನಿಕೋಡ್ ಕನ್ನಡದ ಪ್ರತಿ ಅಕ್ಷರ ಮೂರು ಬೈಟ್. ನಡುವಿನ ಬೈಟ್ ಎರಡರಲ್ಲಿ ಒಂದು. ನುಡಿಯ ಕಣ್ಣಿಗೆ ಅದರಲ್ಲೊಂದು 'ಶಿ', ಇನ್ನೊಂದು 'ಷಿ'. ಪುಟದ ತುಂಬ ಶಿ-ಷಿ ಬಂದದ್ದು ಹೀಗೆ.

ನಾವು ಮೂವರೂ ಕೂತು ಅದನ್ನು ಹಿಂದಕ್ಕೆ ತಿರುಗಿಸಲು ಎರಡು ಭಾನುವಾರ ಹಿಡಿಯಿತು. ಪಟ್ಟಿಯನ್ನು ಉಲ್ಟಾ ಮಾಡಿ ಶಿ-ಷಿಗಳನ್ನು ಬೈಟುಗಳಿಗೆ ಇಳಿಸಿದೆವು, ಕನ್ನಡ ನಿಧಾನಕ್ಕೆ ಮೇಲೆದ್ದಿತು. ಆದರೆ ತೂತು ಬಿದ್ದಿತ್ತು. ಹಿಂದೊಮ್ಮೆ ಒಂದು ಫೈಲಿನಲ್ಲಿ ಎಲ್ಲೋ ಅಡ್ಡ ಬೈಟ್ ಬಂದು ಪ್ರೋಗ್ರಾಂ ನಿಂತಿತ್ತೆಂದು, ತಿಳಿಯದ ಬೈಟ್ ಬಂದರೆ ಸುಮ್ಮನೆ ಬಿಟ್ಟುಬಿಡು ಎಂದು ನಾನೇ ಬರೆದಿದ್ದೆ. ವಿಂಡೋಸಿನ ಹಳೆಯ ಸಂಕೇತ ಪಟ್ಟಿಯಲ್ಲಿ ಐದು ಮನೆಗಳು ಖಾಲಿ. ಯೂನಿಕೋಡಿನ ಕೊಂಬಿನ ಕೊನೆಯ ಬೈಟ್ ಆ ಐದರಲ್ಲೊಂದು. ಅಕ್ಷರಕ್ಕೆ ಒತ್ತು ಕೂಡಿಸುವ ಹಲಂತದ ಕೊನೆಯ ಬೈಟ್ ಇನ್ನೊಂದು. ಎರಡೂ ಮಾಯ. ಅಂದರೆ ಕಡತದಲ್ಲಿ ಎಲ್ಲೆಲ್ಲಿ ಕೊಂಬು ಅಥವಾ ಒತ್ತು ಇತ್ತೋ ಅಲ್ಲೆಲ್ಲ ಒಂದೇ ತರಹದ ತೂತು. ಏ, ಐ, ಝಗಳೂ ಹೋಗಿದ್ದವು, ಅವು ಕಡಿಮೆ.

ಮುಂಡರಗಿಯವನು ಬೈಯಲಿಲ್ಲ. ತನ್ನ ಉದ್ರಿ ಪುಸ್ತಕ ಒಮ್ಮೆ ಹೀಗೇ ಹೋದ ಮೇಲೆ ಕಲಿತದ್ದನ್ನು ಹೇಳಿದ. ಮೂಲವನ್ನು ಓದಲಿಕ್ಕಷ್ಟೇ ತೆರೆ. ಬೇರೆ ಹೆಸರಿನಲ್ಲಿ ಬರೆ. ಕೆಲಸ ಶುರುವಾದ ಕೂಡಲೇ ಬಟನ್ನನ್ನು ಬೂದು ಮಾಡು. ಉದ್ದದ ಕೆಲಸವನ್ನು ತುಂಡು ಮಾಡಿ ನಡುನಡುವೆ ಕಿಟಕಿಗೆ ಉಸಿರಾಡಲು ಬಿಡು. ಬೈಟ್ ತಿಳಿಯದಿದ್ದರೆ ನಿಲ್ಲು, ನುಂಗಬೇಡ. "ಇದನ್ನ ಮದಲ ಯಾಕ ಹೇಳಲಿಲ್ಲೋ?" ಅಂದೆ. "ನೀ ಬಟನ್ನಿನ ಬಣ್ಣ ಕೇಳಿದ್ದಿ, ಇದನ್ನ ಎಲ್ಲಿ ಕೇಳಿದ್ದಿ?" ಅಂದ. ಅದೂ ಖರೆ.

ತೂತಿನ ಜಾಗದಲ್ಲೆಲ್ಲ ಒಂದು ಚುಕ್ಕಿ ಇಟ್ಟೆವು. ಬಹಳಷ್ಟನ್ನು ಭಾಷೆಯೇ ತುಂಬಿಕೊಟ್ಟಿತು. ಪದದ ಕೊನೆಯಲ್ಲಿದ್ದರೆ ಹೆಚ್ಚಾಗಿ ಕೊಂಬು. ಆಚೀಚೆ ಒಂದೇ ವ್ಯಂಜನವಿದ್ದರೆ ಹೆಚ್ಚಾಗಿ ಒತ್ತು. ಈ ಎರಡೇ ನಿಯಮಕ್ಕೆ ಮುಕ್ಕಾಲು ಪಾಲು ಸರಿಯಾಯಿತು, 'ತುತ್ತು' ಎಂಬ ಪದ ಬಂದಾಗ ಮಾತ್ರ ಸ್ಕ್ರಿಪ್ಟ್ ಬಾಯಿಗೆ ಬಾರದ ಏನನ್ನೋ ಉಗುಳಿತು. ಸಾದಾ ವಾಕ್ಯಗಳನ್ನು ಶಿರಹಟ್ಟಿಯವನು ಓದಿ ತಿದ್ದಿದ. ಉಳಿದದ್ದು ಹೆಸರುಗಳು. ಹೊಲದ ಹೆಸರು ಯಾವ ನಿಘಂಟಿನಲ್ಲೂ ಇಲ್ಲ, ನಿಯಮವನ್ನೂ ಕೇಳುವುದಿಲ್ಲ.

ಆಮೇಲೆ ಸುಮಾರು ಒಂದು ತಿಂಗಳು, ರಾತ್ರಿ ಎಂಟರ ನಂತರ ನಾನು ಫೋನ್ ಮಾಡುವುದು, ಚುಕ್ಕಿ ಇದ್ದ ಹೆಸರನ್ನು ಎರಡು ತರಹ ಓದುವುದು, ಅವರು ಒಂದನ್ನು ಆರಿಸುವುದು. ಅವರು ಒಂದು ದಿನವೂ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಹಗುರಾಗುತ್ತಿತ್ತು. ಒಂದೊಂದು ಹೆಸರಿಗೂ ಅದನ್ನು ಹೇಳಿದವರ ನೆನಪು ತೆಗೆಯುತ್ತಿದ್ದರು. ಅವರಲ್ಲಿ ಹೆಚ್ಚಿನವರು ಈಗ ಇಲ್ಲ. ಕೆಲವು ಸಲ ಫೋನಿನಾಚೆ ಬಹಳ ಹೊತ್ತು ಸುಮ್ಮನಿದ್ದು, "ಬಿಡು, ಇದು ನೆನಪಾಗವಲ್ದು, ಮುಂದಿಂದ ಓದು" ಅನ್ನುತ್ತಿದ್ದರು. ಆಗ ನಾನು ಚುಕ್ಕಿಯನ್ನು ಹಾಗೇ ಬಿಟ್ಟು ಮುಂದೆ ಹೋಗುತ್ತಿದ್ದೆ.

ಕೊನೆಗೆ ಒಂಬತ್ತು ಹೆಸರು ಉಳಿದವು. ಅದರಲ್ಲೊಂದು, 'ಬಸ'ಕ್ಕೂ 'ರಿ'ಗೂ ನಡುವೆ ಚುಕ್ಕಿ. ಕೊಂಬು ಇಟ್ಟರೆ ಬಸುರಿ ಹೊಲ. ಯಾವಳೋ ಬಸುರಿ ಹೆಣ್ಣುಮಗಳ ಕಥೆ ಅದರ ಹಿಂದೆ ಇರಲೇಬೇಕು. ಒತ್ತು ಇಟ್ಟರೆ ಬಸ್ರಿ ಹೊಲ, ಬಸರಿ ಗಿಡ ಇದ್ದ ಹೊಲ. ವಿವರದ ಸಾಲಿನಲ್ಲಿ ಮಾಸ್ತರು ಬರೀ ಮಸಾರಿ ಎಂದು ಬರೆದು ಬಿಟ್ಟಿದ್ದರು.

ಒಂದು ವಾರದ ನಂತರ ಮಧ್ಯಾಹ್ನ ಅವರದೇ ಫೋನು. ಗಾಳಿಯ ಸದ್ದು ಜೋರಾಗಿತ್ತು. ಯಾರದೋ ಬೈಕಿನ ಹಿಂದೆ ಕೂತು ಹೊಲಕ್ಕೇ ಹೋಗಿದ್ದರು.

"ಗಿಡ ಇಲ್ಲ ತಮ್ಮಾ. ಆದ್ರ ಕಟ್ಟಿ ಐತಿ. ಕಲ್ಲು ಅರ್ಧ ಕಿತ್ತಾವ."

"ಹಂಗಂದ್ರ ಬಸ್ರಿ ಅಂತ ಹಾಕ್ಲ್ಯಾ ಸರ್?"

"ತಡಿ. ಕಟ್ಟಿ ಅಂದ್ರ ಬೇವಿನ ಗಿಡದ್ದೂ ಇರಬಹುದು. ಹೊಲದವರ ಮನ್ಯಾಗ ಒಬ್ಬಾಕಿ ಅಜ್ಜಿ ಅದಾಳಂತ, ಮಗಳ ಊರಿಗೆ ಹೋಗ್ಯಾಳ. ಬರ್ಲಿ, ಕೇಳಿ ಹೇಳತೀನಿ."

ಅಜ್ಜಿ ಇನ್ನೂ ಬಂದಿಲ್ಲ. ಫೈಲನ್ನು ಮೊಮ್ಮಗಳಿಗೆ ಕಳಿಸಿಯಾಗಿದೆ, ಆ ಜಾಗದಲ್ಲಿ ಚುಕ್ಕಿಯಿದೆ.